ಒಡೆದ ಬೀಗ, ತೆರೆದ ಬೀಗ

ಇವತ್ತು ನಾನು ಸ್ಟುಡಿಯೋದಲ್ಲಿ ಇಲ್ಲ, ಹೊರನಾಡಿನಲ್ಲಿದ್ದೀನಿ. ನನ್ನ ಊರು. ಕಾಫಿ ಕಳ್ಳತನದ ಬಗ್ಗೆ ವರದಿ ಮಾಡೋಕೆ ಅಂತ ತಂಡದ ಜೊತೆ ಬಂದೆ. ಬೆಲೆ ಏರಿದ ಮೇಲೆ ಕಳಸ, ಮೂಡಿಗೆರೆ ಕಡೆ ಕಣದಲ್ಲಿ ಒಣಗೋಕೆ ಹಾಕಿದ ಕಾಫಿಗೂ ರಾತ್ರಿಯಿಡೀ ಕಾವಲು ಬೇಕಾಗಿದೆ. ಗೋದಾಮಿಗೆ ಎರಡೆರಡು ಬೀಗ, ಮೇಲೊಂದು ಕ್ಯಾಮೆರಾ. ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ ಹಾಕೋ ಊರು ಇದು. ಅದೇ ಊರಿನ ಸುತ್ತಮುತ್ತ ಈಗ ಎಲ್ಲಿ ಹೋದ್ರೂ ಬೀಗದ್ದೇ ಮಾತು.

ಆದ್ರೆ ನಾನು ಇವತ್ತು ಹೇಳೋಕೆ ಹೊರಟಿರೋದು ಸ್ವಲ್ಪ ಬೇರೆ ಬೀಗದ ವಿಷಯ. ಕಳೆದ ವಾರ ನನಗೊಂದು ಪತ್ರ ಬಂತು. ಬರೆದವರು ಬೆಂಗಳೂರಿನ ಕೆಲವು ಯುವ ಎಂಜಿನಿಯರ್‌ಗಳು. ಅವರ ಹವ್ಯಾಸ ಏನು ಗೊತ್ತಾ? ಬೀಗ ತೆರೆಯೋದು. ಕೀ ಇಲ್ಲದೆ, ಬೀಗಕ್ಕೆ ಏನೂ ಪೆಟ್ಟಾಗದ ಹಾಗೆ ತೆರೆಯೋದು. ದುಡ್ಡು ಕೊಟ್ಟು ಅಂಗಡಿಯಿಂದ ಬೀಗ ತರ್ತಾರೆ, ಮೇಜಿನ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರ್ತಾರೆ. ಚದುರಂಗ ಆಡೋರು ಕೂರೋ ಹಾಗೆ. ಅವರಿಗೆ ರಾಷ್ಟ್ರಮಟ್ಟದ ಒಂದು ಸ್ಪರ್ಧೆ ಮಾಡೋ ಆಸೆ. ಸಭಾಂಗಣ ಕೇಳೋಕೆ ಹೋದ್ರೆ ಎಲ್ಲೂ ಕೊಡ್ತಿಲ್ಲ. 'ನಿಮ್ಮ ಚಾನೆಲ್‌ನಲ್ಲಿ ನಮ್ಮ ಬಗ್ಗೆ ಒಂದು ಮಾತು ಹೇಳಿ' ಅಂತ ಕೇಳಿದ್ದಾರೆ.

ನಿಜ ಹೇಳ್ತೀನಿ. ಪತ್ರ ಓದಿ ಐದು ನಿಮಿಷದಲ್ಲಿ ನಮ್ಮ ಡೆಸ್ಕ್‌ನಲ್ಲಿ ಹೆಡ್‌ಲೈನ್ ರೆಡಿಯಾಗಿತ್ತು. 'ಕಳ್ಳರಿಗೂ ಒಂದು ಕಪ್!' ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಈ ಊರಿಗೆ ಬಂದೆ. ನಮ್ಮ ಹಳೇ ಮನೆಯ ಕಪಾಟು ನೋಡಿದೆ. ನಗು ನಿಂತು ಹೋಯ್ತು. ಯಾಕೆ ಅಂತ ಹೇಳ್ತೀನಿ.

ನಾನಾಗ ಏಳನೇ ಕ್ಲಾಸು. ಆಷಾಢದ ಮಳೆ. ನಮ್ಮ ಕಡೆಯ ಮಳೆ ಹೇಗೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಜ್ಜನಿಗೆ ಹುಷಾರಿರಲಿಲ್ಲ, ಮಂಗಳೂರಿಗೆ ಕರೆದುಕೊಂಡು ಹೋಗಬೇಕು. ಕಳಸಕ್ಕೆ ಹೋಗೋ ದಾರಿಯ ಹೆಬ್ಬಾಳೆ ಸೇತುವೆ ಮೇಲೆ ಭದ್ರಾ ಯಾವಾಗ ಹತ್ತುತ್ತಾಳೋ ಗೊತ್ತಿಲ್ಲ. ಹತ್ತೋ ಮೊದಲು ದಾಟಬೇಕು. ಆಸ್ಪತ್ರೆ ಕಾಗದ, ದುಡ್ಡು ಎಲ್ಲ ಅಜ್ಜಿಯ ಕಪಾಟಿನಲ್ಲಿ. ಅಜ್ಜಿ ಬೀಗದ ಕೈಯನ್ನ ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿಕೊಂಡಿರ್ತಿದ್ರು. ಅವತ್ತು ಸೊಂಟದಲ್ಲಿ ಇಲ್ಲ. ತೋಟದಲ್ಲಿ ಎಲ್ಲೋ ಬಿದ್ದಿದೆ. ಆ ಮಳೆಯಲ್ಲಿ ಎಲ್ಲಿ ಹುಡುಕೋದು? ಅಪ್ಪ ಹಾರೆ ತಂದರು. ಅಜ್ಜಿ ಅಡ್ಡ ನಿಂತರು. ತವರಿಂದ ತಂದ ಕಪಾಟು ಅದು.

ಆಗ ನಮ್ಮ ತೋಟದಲ್ಲಿ ಪಲ್ಪರ್, ಪಂಪು, ಸ್ಪ್ರೇಯರ್ ಎಲ್ಲ ರಿಪೇರಿ ಮಾಡೋ ಒಬ್ಬ ಇದ್ದ. ಲೈನ್ ಮನೆಯಲ್ಲಿ ಇರ್ತಿದ್ದ. ನಾನು ಅಣ್ಣ ಅಂತ ಕರೀತಿದ್ದೆ. ಹೆಸರು ಹೇಳಲ್ಲ. ಅವನು ಬಂದು ಬೀಗ ನೋಡಿದ. 'ಅಯ್ಯಾ, ಹಾರೆ ಬೇಡ. ಹತ್ತು ನಿಮಿಷ ಕೊಡಿ' ಅಂದ. ಮುರಿದ ಕೊಡೆಯ ಕಡ್ಡಿ ತಗೊಂಡು, ಅರದಿಂದ ಉಜ್ಜಿ ಚಪ್ಪಟೆ ಮಾಡಿದ. ಕಣ್ಣು ಮುಚ್ಚಿಕೊಂಡು ಕೂತ. ಆ ಬೀಗದ ಒಳಗೆ ಏನಾಗ್ತಿದೆ ಅಂತ ಬೆರಳಲ್ಲೇ ಕೇಳಿಸಿಕೊಳ್ತಿದ್ದ ಅಂತ ನನಗೆ ಅನ್ನಿಸ್ತು. ಟಕ್ ಅಂತು. ತೆರೆಯಿತು. ಅಜ್ಜಿ 'ಎಂಥ ಕೈ ಮಾರಾಯ ನಿಂದು!' ಅಂದರು. ನಾವು ಸೇತುವೆ ದಾಟಿದೆವು. ಅಜ್ಜ ಆಮೇಲೆ ಆರು ವರ್ಷ ಬದುಕಿದ್ರು.

ಕಥೆ ಇಲ್ಲಿಗೇ ಮುಗಿದಿದ್ರೆ ಚೆನ್ನಾಗಿತ್ತು. ಉಳಿದಿದ್ದು ಕೊನೆಗೆ ಹೇಳ್ತೀನಿ.

ಬೀಗ ಕೀ ಇಲ್ಲದೆ ತೆರೆಯುತ್ತೆ ಅಂದ್ರೆ ಅದರಲ್ಲಿ ಮಾಟ ಮಂತ್ರ ಏನಿಲ್ಲ. ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ಸರಳವಾಗಿ ಹೇಳೋಕೆ ಪ್ರಯತ್ನ ಮಾಡ್ತೀನಿ. ನಿಮ್ಮ ಮನೆ ಬಾಗಿಲಿನ ಬೀಗದ ಒಳಗೆ ಸಣ್ಣ ಸಣ್ಣ ಪಿನ್‌ಗಳಿರ್ತವೆ, ಸ್ಪ್ರಿಂಗ್ ಅವನ್ನ ಕೆಳಗೆ ಒತ್ತಿರುತ್ತೆ. ನಿಮ್ಮ ಕೀಯ ಹಲ್ಲುಗಳು ಒಂದೊಂದು ಪಿನ್ನನ್ನೂ ಅದರದರ ಎತ್ತರಕ್ಕೆ ಎತ್ತುತ್ತವೆ. ಎಲ್ಲವೂ ಒಂದು ಗೆರೆಗೆ ಬಂದಾಗ ಸಿಲಿಂಡರ್ ತಿರುಗುತ್ತೆ. ಆದ್ರೆ ಯಾವ ಕಾರ್ಖಾನೆಯೂ ಎಲ್ಲ ರಂಧ್ರಗಳನ್ನ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಕೊರೆಯೋಕೆ ಆಗಲ್ಲ. ಆ ವ್ಯತ್ಯಾಸವನ್ನ ಬೆರಳಲ್ಲಿ ಗುರುತಿಸೋದೇ ಈ ಆಟ. ಬೀಗ ಅಗ್ಗದ್ದಾದಷ್ಟೂ ಆಟ ಸುಲಭ.

ಹಾಗಾದ್ರೆ ಇದನ್ನೆಲ್ಲ ಬಹಿರಂಗವಾಗಿ ಆಡಬೇಕಾ? ಮುಚ್ಚಿಟ್ಟರೆ ಒಳ್ಳೇದಲ್ವಾ? ಈ ಪ್ರಶ್ನೆಗೆ 170 ವರ್ಷದ ಹಿಂದೆಯೇ ಲಂಡನ್‌ನಲ್ಲಿ ಉತ್ತರ ಸಿಕ್ಕಿದೆ. ಬ್ರಾಮಾ ಅನ್ನೋ ಕಂಪನಿ 1790ರಲ್ಲಿ ತನ್ನ ಅಂಗಡಿ ಕಿಟಕಿಯಲ್ಲಿ ಒಂದು ಬೀಗ ಇಟ್ಟು ಸವಾಲು ಹಾಕಿತ್ತು. ಇದನ್ನ ತೆರೆದವರಿಗೆ 200 ಗಿನಿ ಬಹುಮಾನ. 60 ವರ್ಷ ದಾಟಿದರೂ ಯಾರಿಂದಲೂ ಆಗಲಿಲ್ಲ. 1851ರ ಮಹಾ ವಸ್ತುಪ್ರದರ್ಶನಕ್ಕೆ ಆಲ್ಫ್ರೆಡ್ ಹಾಬ್ಸ್ ಅನ್ನೋ ಅಮೆರಿಕದ ಬೀಗ ತಜ್ಞ ಬಂದ. ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನ ಸಾಕ್ಷಿಗಳ ಮುಂದೆ 25 ನಿಮಿಷದಲ್ಲಿ ತೆರೆದ. ಆಮೇಲೆ ಬ್ರಾಮಾ ಬೀಗಕ್ಕೆ ಕೂತ. 16 ದಿನದಲ್ಲಿ ಒಟ್ಟು 51 ಗಂಟೆ ಕೆಲಸ. ತೆರೆದೇಬಿಟ್ಟ. ಕಂಪನಿ ತಕರಾರು ಮಾಡಿತು, ಕೊನೆಗೆ ದುಡ್ಡು ಕೊಟ್ಟಿತು. ಇಡೀ ಇಂಗ್ಲೆಂಡಿಗೆ ಗಾಬರಿ. ಆದ್ರೆ ಆ ಗಾಬರಿಯಿಂದಲೇ ಮುಂದಿನ ಬೀಗಗಳು ಸುಧಾರಿಸಿದವು. ಹಾಬ್ಸ್ ಕಳ್ಳನಾಗಿದ್ರೆ ಬೀಗ ಕಂಪನಿಗೆ ಅದರ ದೋಷ ಗೊತ್ತೇ ಆಗ್ತಿರಲಿಲ್ಲ.

ಇನ್ನೊಂದು ಪ್ರಸಂಗ ಕೇಳಿ. ರಿಚರ್ಡ್ ಫೈನ್‌ಮನ್, ನೊಬೆಲ್ ಬಂದ ಭೌತವಿಜ್ಞಾನಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬ್ ಯೋಜನೆಯಲ್ಲಿದ್ದಾಗ ಅಲ್ಲಿನ ತಿಜೋರಿಗಳನ್ನ ತೆರೆಯೋದು ಅವರಿಗೆ ಒಂದು ಹುಚ್ಚು. ಓಕ್ ರಿಡ್ಜ್‌ನಲ್ಲಿ ಒಬ್ಬ ಕರ್ನಲ್‌ನ ತಿಜೋರಿಯ ದೋಷ ಕಂಡುಹಿಡಿದು ಅವರಿಗೇ ತೋರಿಸಿದರು. 'ಕೆಲಸ ಮಾಡೋವಾಗ ತಿಜೋರಿ ತೆರೆದಿಡಬೇಡಿ, ಆಗಲೇ ನಂಬರ್ ಗೊತ್ತಾಗೋದು' ಅಂತ ಎಚ್ಚರಿಕೆ ಕೊಟ್ಟರು. ಕರ್ನಲ್ ಏನು ಮಾಡಿದ್ರು? 'ಫೈನ್‌ಮನ್ ನಿಮ್ಮ ಕೋಣೆಗೆ ಬಂದಿದ್ರಾ? ಬಂದಿದ್ರೆ ತಿಜೋರಿಯ ನಂಬರ್ ಬದಲಾಯಿಸಿ' ಅಂತ ಎಲ್ಲರಿಗೂ ಸುತ್ತೋಲೆ ಕಳಿಸಿದ್ರು! ಫೈನ್‌ಮನ್ ತಮ್ಮ ಆತ್ಮಕಥನದಲ್ಲೇ ಇದನ್ನ ಬರೆದಿದ್ದಾರೆ. ದೋಷ ಇದ್ದಿದ್ದು ತಿಜೋರಿಯಲ್ಲಿ. ಅನುಮಾನ ಬಿದ್ದಿದ್ದು ತೋರಿಸಿಕೊಟ್ಟವರ ಮೇಲೆ.

ಈಗ ಹೊರಗಿನ ದೇಶಗಳಲ್ಲಿ ಏನಾಗಿದೆ? 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬೀಗ ತೆರೆಯೋ ಹವ್ಯಾಸಿಗಳ ಸಂಘ ಶುರುವಾಯ್ತು. ಅಲ್ಲಿ ಚಾಂಪಿಯನ್‌ಶಿಪ್‌ಗಳು ನಡೆಯುತ್ತವೆ. ನೆದರ್‌ಲ್ಯಾಂಡ್ಸ್‌ನಲ್ಲಿ ಟೂಲ್ ಅನ್ನೋ ಸಂಘ ಇದೆ, ಲಾಕ್‌ಕಾನ್ ಅನ್ನೋ ಸಮಾವೇಶ ಇದೆ. ಕೈಯಿಂದ ಬೀಗ ತೆರೆಯೋ ಸ್ಪರ್ಧೆ, ಖಾಲಿ ಕೀಯನ್ನ ಅರದಿಂದ ಉಜ್ಜುತ್ತಾ ಉಜ್ಜುತ್ತಾ ಅಲ್ಲೇ ಕೀ ಮಾಡಿ ತೆರೆಯೋ ಸ್ಪರ್ಧೆ, ತಿಜೋರಿ ಸ್ಪರ್ಧೆ. ಈ ಹವ್ಯಾಸಿಗಳ ಲೋಕದಲ್ಲಿ ಎರಡೇ ನಿಯಮ. ಒಂದು, ನಿನ್ನದಲ್ಲದ ಬೀಗವನ್ನ ಒಡೆಯನ ಅನುಮತಿ ಇಲ್ಲದೆ ಮುಟ್ಟಬೇಡ. ಎರಡು, ಬಳಕೆಯಲ್ಲಿರೋ ಬೀಗದ ಮೇಲೆ ಪ್ರಯೋಗ ಮಾಡಬೇಡ, ಅದು ನಿನ್ನದೇ ಆಗಿದ್ರೂ ಸರಿ, ಕೆಟ್ಟರೆ ನೀನೇ ಹೊರಗೆ ನಿಲ್ಲಬೇಕು.

ನಮ್ಮ ಕಾನೂನು ಏನು ಹೇಳುತ್ತೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ ತೆಗೆದು ನೋಡಿ. ಅತಿಕ್ರಮವಾಗಿ ಮನೆ ಹೊಗ್ಗೋದಕ್ಕೋಸ್ಕರ ಬೀಗ ತೆರೆದರೆ ಅದು ಮನೆ ಒಡೆದ ಅಪರಾಧ. ಹಳೇ ದಂಡ ಸಂಹಿತೆಯಲ್ಲೂ ಹೀಗೇ ಇತ್ತು. ಗಮನಿಸಿ, ಯಾಕೋಸ್ಕರ ತೆರೆದೆ ಅನ್ನೋದು ಮುಖ್ಯ. ಸ್ವಂತ ದುಡ್ಡಿನ ಬೀಗವನ್ನ ಮೇಜಿನ ಮೇಲಿಟ್ಟು ತೆರೆದರೆ ಅಲ್ಲಿ ಮನೆಯೂ ಇಲ್ಲ, ಅತಿಕ್ರಮವೂ ಇಲ್ಲ. ಹಾಗಂತ ಅಪರಾತ್ರಿಯಲ್ಲಿ ಇಂಥ ಕಡ್ಡಿ ಜೇಬಲ್ಲಿಟ್ಟುಕೊಂಡು ಬೇರೆಯವರ ಕಾಂಪೌಂಡ್ ಹತ್ರ ಸಿಕ್ಕಿಬಿದ್ರೆ ಪೊಲೀಸರು ಸುಮ್ಮನೆ ಬಿಡ್ತಾರಾ? ಬಿಡಬಾರದು ಕೂಡ.

ನಮ್ಮ ದೇಶಕ್ಕೆ ಬೀಗ ಹೊಸದಲ್ಲ. ಉತ್ತರ ಪ್ರದೇಶದ ಅಲಿಗಢಕ್ಕೆ ಬೀಗದ ಊರು ಅಂತಲೇ ಹೆಸರು. ತಮಿಳುನಾಡಿನ ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬೀಗ ಮಾಡೋ ಕೈಗಳಿವೆ, ಆದ್ರೆ ಅದನ್ನ ಬಹಿರಂಗವಾಗಿ ಪರೀಕ್ಷೆ ಮಾಡೋ ವೇದಿಕೆ ಎಲ್ಲಿದೆ? ಪುರಿ ಜಗನ್ನಾಥನ ರತ್ನ ಭಂಡಾರ ನೆನಪಿದೆಯಲ್ಲ? 2024ರ ಜುಲೈ 14ರಂದು ಇಡೀ ದೇಶ ಟಿವಿ ಮುಂದೆ ಕೂತಿತ್ತು. ಕೊಟ್ಟ ಕೀಗಳಿಂದ ಒಳಕೋಣೆ ತೆರೆಯಲಿಲ್ಲ. ಕೊನೆಗೆ ಬೀಗಗಳನ್ನ ಒಡೆದರು. ಒಡೆಯೋಕೆ ಎಲ್ಲರಿಗೂ ಬರುತ್ತೆ. ಒಡೆಯದೆ ತೆರೆಯೋರು ಬೇಕು ಅಂದ್ರೆ ಯಾರನ್ನ ಕರೀಬೇಕು? ಅಂಥವರ ಒಂದು ಪಟ್ಟಿ ನಮ್ಮ ಹತ್ರ ಇದೆಯಾ?

ಅದಕ್ಕೇ ಪತ್ರ ಬರೆದ ಆ ಗೆಳೆಯರಿಗೆ ನನ್ನದು ಕೆಲವು ಮಾತು. ಸ್ಪರ್ಧೆ ಮಾಡಿ, ಆದ್ರೆ ಕದ್ದುಮುಚ್ಚಿ ಮಾಡಬೇಡಿ. ಸಭಾಂಗಣ ಕೇಳೋಕೆ ಹೋಗೋ ಮೊದಲು ಪೊಲೀಸ್ ಠಾಣೆಗೆ ಹೋಗಿ. ನಿಯಮಗಳನ್ನ ಕನ್ನಡದಲ್ಲಿ ಬರೆದು ಕೊಡಿ. ಉದ್ಘಾಟನೆಗೆ ಇನ್‌ಸ್ಪೆಕ್ಟರನ್ನೇ ಕರೀರಿ, ಮೊದಲ ಬೀಗ ಅವರ ಕೈಗೇ ಕೊಡಿ. ಬರೋ ಪ್ರತಿಯೊಬ್ಬರ ಹೆಸರು, ಗುರುತಿನ ಚೀಟಿ ನೋಂದಾಯಿಸಿ. ಮಕ್ಕಳು ಬಂದ್ರೆ ಜೊತೆಗೆ ಅಪ್ಪನೋ ಅಮ್ಮನೋ ಇರಲಿ. ಬೀಗಗಳನ್ನ ಬಿಲ್ ಸಮೇತ ನೀವೇ ಕೊಂಡು ತನ್ನಿ. ಎಲ್ಲರಿಗೂ ಅದೇ ಬೀಗ, ಅಷ್ಟೇ ಸಮಯ. ಬೀಗ ಕೆಟ್ಟರೆ ಆ ಸುತ್ತು ಸೋತ ಹಾಗೆ. ಒಂದು ಬೀಗದಲ್ಲಿ ದೊಡ್ಡ ದೋಷ ಸಿಕ್ಕರೆ ನಮ್ಮಂಥ ಚಾನೆಲ್‌ಗೆ ಫೋನ್ ಮಾಡೋ ಮೊದಲು ತಯಾರಿಸಿದವರಿಗೆ ಬರೆದು ತಿಳಿಸಿ, ಸರಿಮಾಡೋಕೆ ಸಮಯ ಕೊಡಿ. ಬೆಂಗಳೂರಿನ ಸಾಫ್ಟ್‌ವೇರ್ ಲೋಕದಲ್ಲಿ ಈ ಪದ್ಧತಿ ಇದ್ದೇ ಇದೆ. ದೋಷ ಹುಡುಕಿಕೊಟ್ಟವರಿಗೆ ಕಂಪನಿಗಳೇ ಬಹುಮಾನ ಕೊಡ್ತಾವೆ. ಕಂಪ್ಯೂಟರ್‌ಗೆ ಒಪ್ಪಿಕೊಂಡಿದ್ದನ್ನ ಕಬ್ಬಿಣಕ್ಕೆ ಒಪ್ಪಿಕೊಳ್ಳೋಕೆ ಏನು ಕಷ್ಟ?

ಇನ್ನೊಂದು ಮಾತು, ಇದು ನನ್ನ ಬೇಡಿಕೆ. ಫುಟ್‌ಪಾತ್ ಮೇಲೆ ಕೀಗಳ ಗೊಂಚಲು ನೇತುಹಾಕಿಕೊಂಡು, ಒಂದು ಅರ, ಒಂದು ಸುತ್ತಿಗೆ ಇಟ್ಟುಕೊಂಡು ಕೂರ್ತಾರಲ್ಲ, ಅವರನ್ನ ಕರೀರಿ. ಪ್ರವೇಶ ಶುಲ್ಕ ತಗೋಬೇಡಿ. ಅವತ್ತಿನ ದುಡಿಮೆ ಹೋಗುತ್ತೆ, ಅದನ್ನ ಕಟ್ಟಿಕೊಡಿ. ಅವರನ್ನ ಪ್ರೇಕ್ಷಕರ ಸಾಲಿನಲ್ಲಿ ಕೂರಿಸಬೇಡಿ, ತೀರ್ಪುಗಾರರ ಸಾಲಿನಲ್ಲಿ ಕೂರಿಸಿ.

ಈ ಬೇಡಿಕೆ ಯಾಕೆ ಅಂದ್ರೆ, ನಮ್ಮ ಕಪಾಟಿನ ಕಥೆಯ ಉಳಿದ ಭಾಗ.

ಅದೇ ವರ್ಷದ ಹಂಗಾಮು. ಜನವರಿ. ಪಕ್ಕದ ತೋಟದ ಗೋದಾಮಿನಿಂದ ರಾತ್ರಿ ಕಾಫಿ ಮೂಟೆಗಳು ಹೋದವು. ಬೆಳಗ್ಗೆ ಊರೆಲ್ಲ ಸೇರಿತು. ಯಾರೋ ಒಬ್ಬರು ಅಂದರು, 'ಬೀಗ ತೆಗೆಯೋಕೆ ಬರೋನು ಈ ಸುತ್ತಿನಲ್ಲಿ ಒಬ್ಬನೇ ಅಲ್ವಾ?' ಅಷ್ಟೇ ಸಾಕಾಯ್ತು. ಆರು ತಿಂಗಳ ಹಿಂದೆ ಎಲ್ಲರೂ ಹೊಗಳಿದ್ದ ಕೈ ಅದು. ಲೈನ್ ಮನೆಗೆ ಹೋಗಿ ಅವನ ಪೆಟ್ಟಿಗೆ ಕೆಡವಿ ನೋಡಿದರು. ಸಿಕ್ಕಿದ್ದು ಒಂದು ಅರ, ಆ ಕೊಡೆಯ ಕಡ್ಡಿ. ಒಂದು ಕಾಳು ಕಾಫಿ ಸಿಗಲಿಲ್ಲ. ಅವನ ಮೇಲೆ ಯಾರೂ ಕೇಸ್ ಹಾಕಲಿಲ್ಲ. ಹಾಕೋಕೆ ಏನೂ ಇರಲಿಲ್ಲ. ಆದ್ರೆ ಕೆಲಸಕ್ಕೆ ಕರೆಯೋದನ್ನ ಎಲ್ಲರೂ ನಿಲ್ಲಿಸಿದರು. ಯುಗಾದಿಗೆ ಮೊದಲು ಹೆಂಡತಿ, ಇಬ್ಬರು ಮಕ್ಕಳನ್ನ ಕರೆದುಕೊಂಡು ಹೊರಟುಹೋದ.

ನಾನು ಆ ಬೆಳಗ್ಗೆ ಅಪ್ಪನ ಜೊತೆ ಆ ಗೋದಾಮಿನ ಹತ್ರ ಹೋಗಿದ್ದೆ. ಬೀಗ ನೆಲದ ಮೇಲೆ ಬಿದ್ದಿತ್ತು. ಕೊಂಡಿ ಕಿತ್ತು ಬಂದಿತ್ತು, ಬಾಗಿಲ ಮರ ಸೀಳಿತ್ತು. ಹಾರೆ ಹಾಕಿ ಮೀಟಿದ್ದು ಅಂತ ಚಿಕ್ಕ ಹುಡುಗರಿಗೂ ಗೊತ್ತಾಗ್ತಿತ್ತು. ಹತ್ತು ನಿಮಿಷದಲ್ಲಿ ಸದ್ದಿಲ್ಲದೆ ಬೀಗ ತೆರೆಯೋಕೆ ಬರೋ ಮನುಷ್ಯ ಹಾರೆ ಯಾಕೆ ತರ್ತಾನೆ? ಈ ಒಂದು ಪ್ರಶ್ನೆಯನ್ನ ಅಲ್ಲಿ ಯಾರೂ ಕೇಳಲಿಲ್ಲ. ಅಪ್ಪ ಕೇಳಲಿಲ್ಲ. ನನಗೆ ಹೊಳೆದಿತ್ತು, ನಾನೂ ಬಾಯಿ ಬಿಡಲಿಲ್ಲ. ಇವತ್ತು ದಿನಾ ರಾತ್ರಿ ಪ್ರಶ್ನೆ ಕೇಳೋದೇ ನನ್ನ ಕೆಲಸ. 'ಕಳ್ಳರಿಗೂ ಒಂದು ಕಪ್' ಅನ್ನೋ ಹೆಡ್‌ಲೈನ್‌ಗೆ ನಕ್ಕವನೂ ನಾನೇ.

ಆ ಹೆಡ್‌ಲೈನ್ ನಾವು ಹಾಕಲಿಲ್ಲ. ನಿಮ್ಮಲ್ಲಿ ಯಾರದ್ದಾದ್ರೂ ಸಭಾಂಗಣ ಇದ್ರೆ, ಆ ಗೆಳೆಯರು ಬಂದು ಕೇಳಿದಾಗ ನಿಯಮ ಏನು ಅಂತ ವಿಚಾರಿಸಿ, ಸರಿ ಅನ್ನಿಸಿದ್ರೆ ಕೊಡಿ. ಸ್ಪರ್ಧೆ ನಡೆದ ದಿನ ನಮ್ಮ ಕ್ಯಾಮೆರಾ ಅಲ್ಲಿಗೆ ಬರುತ್ತೆ.

ಮತ್ತೆ ಅಣ್ಣಾ, ನೀವು ಎಲ್ಲಾದ್ರೂ ಕೂತು ಇದನ್ನ ನೋಡ್ತಿದ್ರೆ, ಆ ಬೀಗ ಒಡೆದಿತ್ತು. ನಾನು ನೋಡಿದ್ದೆ. ಅವತ್ತೇ ಹೇಳಬೇಕಿತ್ತು.