ಶ್ರೀರಂಗಪಟ್ಟಣದ ಸೆರೆಗೆ ಯಾವ ಹೆಸರು?



ಮಂಗಳೂರಿನ ಕೊಡಿಯಾಲ್‌ಬೈಲ್‌ನಲ್ಲಿ ಒಂದು ಕಡೆ ಬಿಷಪ್ ಹೌಸ್, ಇನ್ನೊಂದು ಕಡೆ ಜೈಲು. ಇವೆರಡರ ನಡುವೆ ನಿಂತು 1784ರ ಮಾತೆತ್ತುವಾಗ ಎದೆ ಭಾರವಾಗುತ್ತದೆ. ಆ ವರ್ಷದ ವಿಭೂತಿ ಬುಧವಾರ. ಹಣೆಗೆ ಬೂದಿ ಇಡಿಸಿಕೊಂಡ ಆ ದಿನವೇ ಟಿಪ್ಪು ಸುಲ್ತಾನನ ಸೈನಿಕರು ಬಂದರೆಂದು ಇಲ್ಲಿನ ಕ್ಯಾಥೊಲಿಕ್ ಮನೆಗಳ ನೆನಪು. ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಮುದುಕರು, ಮಕ್ಕಳೆನ್ನದೆ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೇ ಸತ್ತವರು ಅನೇಕರು. ಮತಾಂತರಗೊಂಡು ಸೈನ್ಯ ಸೇರಬೇಕಾದವರೂ ಇದ್ದರು. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರ ಮೇ 4ರಂದು ಕೋಟೆ ಬಿದ್ದ ಮೇಲೆ.

ಒಯ್ದದ್ದು 30,000 ಜನರನ್ನೋ, 60,000ವೋ, 80,000ವೋ ಎಂದು ನಾವು ಜಗಳವಾಡುತ್ತೇವೆ. ಆದರೆ ಇದು ಜನಾಂಗಹತ್ಯೆಯೇ ಎಂದು ತೀರ್ಮಾನಿಸಲು ಕಾನೂನು ಮೊದಲು ಕೇಳುವುದು ಉದ್ದೇಶವನ್ನು. ಕಾನೂನು ತಜ್ಞ ರಾಫೆಲ್ ಲೆಮ್ಕಿನ್ 1944ರಲ್ಲಿ ಜನಾಂಗಹತ್ಯೆಗೆ ಇಂಗ್ಲಿಷಿನಲ್ಲೊಂದು ಪದ ಕಟ್ಟಿದ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದರ ವಿರುದ್ಧ ಒಪ್ಪಂದವನ್ನು ಅಂಗೀಕರಿಸಿತು. ಭಾರತ 1959ರಲ್ಲಿ ಅನುಮೋದಿಸಿತು. ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣದ ಅಥವಾ ಧರ್ಮದ ಗುಂಪನ್ನು ಪೂರ್ತಿ ಇಲ್ಲವೇ ಭಾಗಶಃ ಅಳಿಸುವ ಸಂಕಲ್ಪ ಸಾಬೀತಾಗಬೇಕು. ಲೆಮ್ಕಿನ್ ಸಂಸ್ಕೃತಿಯ ನಾಶವನ್ನೂ ಸೇರಿಸಬೇಕೆಂದಿದ್ದ; ದೇಶಗಳು ಕೈಬಿಟ್ಟವು. ಹಾಗಾಗಿ ಇಗರ್ಜಿ ಕೆಡವಿದ್ದು, ಮತಾಂತರ ಮಾಡಿಸಿದ್ದು ಇಷ್ಟರಿಂದಲೇ ಆ ಹೆಸರು ಸಿಗದು. ಇಂಗ್ಲಿಷರಿಗೆ ನೆರವಾದರೆಂಬ ಸಿಟ್ಟಿಗೆ ಕೊಟ್ಟ ಶಿಕ್ಷೆ ಇದು ಎನ್ನುವವರಿದ್ದಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಉಳಿಯಿತಲ್ಲ ಎಂದೂ ಕೇಳುತ್ತಾರೆ. ವಾದ ಕೇಳೋಣ. ಆದರೆ ಹಾಲು ಕುಡಿಯುವ ಕೂಸು ಯಾವ ದ್ರೋಹ ಮಾಡಿತ್ತು? ಅದೇ ರೀತಿ, ಇಂದು ಬಂದರಿನಲ್ಲಿ ಅಂಗಡಿಯಿಟ್ಟ ಬ್ಯಾರಿ ಮುಸ್ಲಿಂ ಅಣ್ಣ ಟಿಪ್ಪು ಮಾಡಿದ್ದಕ್ಕೆ ಏಕೆ ಉತ್ತರ ಕೊಡಬೇಕು?

ನೊಂದವರ ಮಾತನ್ನು ಕೇಳಿಸಿಕೊಳ್ಳುವವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ರುವಾಂಡದ ಜನಾಂಗಹತ್ಯೆಯ ಒಂದು ಮೊಕದ್ದಮೆಯ ಕಥೆ ಹೇಳುತ್ತೇನೆ. ಟಾಬಾ ಎಂಬಲ್ಲಿನ ಮೇಯರ್ ಜಾನ್ ಪಾಲ್ ಅಕಾಯೆಸು ಆರೋಪಿ. ಮೊದಲ ಆರೋಪಪಟ್ಟಿಯಲ್ಲಿ ಅತ್ಯಾಚಾರದ ಸುದ್ದಿಯೇ ಇರಲಿಲ್ಲ. ಸಾಕ್ಷಿಗೆ ಬಂದ ತಾಯಿಯೊಬ್ಬಳು ತನ್ನ ಆರು ವರ್ಷದ ಮಗಳಿಗಾದದ್ದನ್ನು ಹೇಳಿಬಿಟ್ಟಳು. ಪೀಠದಲ್ಲಿದ್ದ ನ್ಯಾಯಮೂರ್ತಿ ನವನೀತಂ ಪಿಳ್ಳೈ ಮಾತನ್ನು ಅಲ್ಲಿಗೇ ಬಿಡದೆ ಮತ್ತೆ ಕೇಳಿದರು. 1997ರ ಜೂನಿನಲ್ಲಿ ಆರೋಪಪಟ್ಟಿ ತಿದ್ದಲಾಯಿತು. 1998ರ ಸೆಪ್ಟೆಂಬರ್ 2ರ ತೀರ್ಪು ಅತ್ಯಾಚಾರವೂ ಜನಾಂಗಹತ್ಯೆಯ ಕೃತ್ಯವಾಗಬಲ್ಲದು ಎಂದಿತು. ಜಗತ್ತಿನಲ್ಲೇ ಅಂಥ ಮೊದಲ ತೀರ್ಪು. ಒಬ್ಬಾಕೆ ಹೇಳಿದಳು, ಇನ್ನೊಬ್ಬಾಕೆ ಕೇಳಿಸಿಕೊಂಡಳು.

ನಮ್ಮಲ್ಲಿ ಹಾಗೆ ಕೇಳಿದವರು ಯಾರು? ಶ್ರೀರಂಗಪಟ್ಟಣದಲ್ಲಿ ಸೆರೆಯಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ ಬರೆದಿಟ್ಟ. ಸುಲ್ತಾನನ ಕಡೆಯವರೂ ಬರೆದರು. ಎಲ್ಲರೂ ಗಂಡಸರು. ಹದಿನೈದು ವರ್ಷದ ಮೇಲೆ ಘಟ್ಟವಿಳಿದು ಬಂದ ಅಜ್ಜಿ, ಬಿದ್ದ ಮನೆಯ ಮುಂದೆ ನಿಂತು ಕೊಂಕಣಿಯಲ್ಲಿ ಏನು ಹೇಳಿದಳೋ, ಅದನ್ನು ಬರೆದುಕೊಳ್ಳಲು ಅಂಗಳದಲ್ಲಿ ಯಾರೂ ಇರಲಿಲ್ಲ.