ಗಡಿಯಿಂದ ಗಡಿಗೆ: ದ್ರಾಕ್ಷಿಯ ನಾಡು, ಕಡಲಿನ ದಾರಿ
(ವಾರ್ಷಿಕೋತ್ಸವದ ಸಂದರ್ಭದಲ್ಲಿ ಕೆಲಮಂಗಲದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಭಾಷೆಯ ಅಳಿವು ಉಳಿವುಗಳ ಮಾತು ಬರುವುದು ವಾಡಿಕೆ. ಅದನ್ನು ಆಡಬಲ್ಲ ಪಂಡಿತರು ಇಲ್ಲಿ ಅನೇಕರಿದ್ದಾರೆ. ನಾವು ಇಂದು ಆಡಬೇಕೆಂದಿರುವುದು ಪ್ರವಾಸದ ಮಾತು. ಅದೂ ಕ್ಷೇತ್ರಯಾತ್ರೆಯಲ್ಲ, ಸಂಸಾರ ಸಮೇತರಾಗಿ ಮೋಟಾರು ವಾಹನದಲ್ಲಿ ಹೊರಟು, ದಾರಿಯನ್ನೇ ಉದ್ದೇಶವಾಗಿಟ್ಟುಕೊಂಡು ಮಾಡುವ ಪ್ರವಾಸ.

ನಮ್ಮ ಜನ ಪ್ರವಾಸ ಮಾಡುವುದಿಲ್ಲವೆಂದಲ್ಲ. ತಿರುಪತಿಗೂ ಧರ್ಮಸ್ಥಳಕ್ಕೂ ಹೋಗದ ಮನೆ ನಮ್ಮಲ್ಲಿ ವಿರಳ. ಆದರೆ ಹೋಗುವ ಬಗೆ ಹೇಗೆ? ರಾತ್ರಿ ಹೊಸೂರಿನಲ್ಲಿ ಕಣ್ಣು ಮುಚ್ಚಿದವರು ಬೆಳಗಿನ ಜಾವ ನೇತ್ರಾವತಿಯ ದಡದಲ್ಲಿ ಕಣ್ಣು ತೆರೆಯುತ್ತಾರೆ. ನಡುವೆ ಇದ್ದ ನಾಡೆಲ್ಲ ನಿದ್ದೆಯ ಪಾಲು. ಮಕ್ಕಳು ಪಾಠಪುಸ್ತಕದಲ್ಲಿ ಮಲೆನಾಡು, ಕರಾವಳಿ ಎಂದು ಓದಿ ಅಂಕ ಪಡೆಯುತ್ತಾರೆ. ಆ ನಾಡಿನ ಮೇಲೆಯೇ ಹಾದುಹೋಗಿ ಅದನ್ನು ಕಾಣದೆ ಬರುತ್ತಾರೆ. ಇದು ನಮಗೆ ಬಹಳ ದಿನಗಳಿಂದ ಸಲ್ಲದ ಸಂಗತಿಯಾಗಿ ತೋರುತ್ತಿತ್ತು.

ಅನ್ಯ ದೇಶಗಳಲ್ಲಿ ದಾರಿಯೇ ನೋಟವಾಗಿರುವ ರಸ್ತೆಗಳುಂಟು. ಜರ್ಮನಿಯವರು 1935ರಲ್ಲಿಯೇ ದ್ರಾಕ್ಷಿಯ ಹಳ್ಳಿಗಳನ್ನು ಪೋಣಿಸಿದಂತೆ ಸುಮಾರು 85 ಕಿಲೋಮೀಟರುಗಳ 'ವೈನ್ ಮಾರ್ಗ'ವೊಂದನ್ನು ಗೊತ್ತುಮಾಡಿದರು. ಆಸ್ಟ್ರೇಲಿಯದ ಮಹಾಸಾಗರ ಮಾರ್ಗವನ್ನು ನಿರ್ಮಿಸಿದವರು ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಸಿಪಾಯಿಗಳು. 1919ರಿಂದ 1932ರವರೆಗೆ ಗುದ್ದಲಿ ಸನಿಕೆಗಳಿಂದ ಬಂಡೆ ಕಡಿದು, ಮಡಿದ ಸಂಗಾತಿಗಳ ಸ್ಮಾರಕವೆಂದು ಕಡಲ ಅಂಚಿನಲ್ಲಿ ಆ ರಸ್ತೆಯನ್ನು ಎಳೆದರು. ಇಂದು ಲೋಕದ ಪ್ರವಾಸಿಗಳು ಅಲ್ಲಿಗೆ ಧಾವಿಸುತ್ತಾರೆ. ಅಷ್ಟು ದೂರ ಹೋಗಲು ನಮಗೆ ಅನುಕೂಲವೂ ಇಲ್ಲ, ಅಗತ್ಯವೂ ಇಲ್ಲ. ದ್ರಾಕ್ಷಿಯ ನಾಡು ನಮಗೆ ಅರ್ಧ ದಿನದ ದಾರಿ, ಕಡಲು ಒಂದು ಹಗಲಿನ ದಾರಿ.

ಕಳೆದ ಸಂಕ್ರಾಂತಿಯ ರಜೆಯಲ್ಲಿ ನಾವು ನಾಲ್ಕು ಮನೆಯವರು ಸೇರಿ, ಬಾಡಿಗೆಗೆ ಒಂದು ವ್ಯಾನನ್ನು ಗೊತ್ತುಮಾಡಿಕೊಂಡು ಹೊರಟೆವು. ಹೊಸೂರು ತಲುಪಿದ ಮೇಲೆ ಬೆಂಗಳೂರಿನ ದಾರಿ ಹಿಡಿಯಲಿಲ್ಲ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಅರ್ಧ ದಿನ ನಿಂತು ಪೆಟ್ರೋಲಿನ ಹೊಗೆ ಕುಡಿಯುವುದನ್ನು ಪ್ರವಾಸವೆಂದು ಯಾರೂ ಕರೆಯಲಾರರು. ಬಾಗಲೂರು, ಸರ್ಜಾಪುರ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಮಾರ್ಗವಾಗಿ ನಗರವನ್ನು ಎಡಕ್ಕೆ ಬಿಟ್ಟು ಹೋಗುವ ರಸ್ತೆಯುಂಟು. ಹೊಸಕೋಟೆ ದಾಟಿದ ಮೇಲೆ ಅಲ್ಲಲ್ಲಿ ದ್ರಾಕ್ಷಿಯ ಚಪ್ಪರಗಳು ಕಾಣತೊಡಗುತ್ತವೆ. ದೇವನಹಳ್ಳಿಯಲ್ಲಿ ಚಕ್ಕೋತದ ಹಣ್ಣನ್ನು ಕೊಳ್ಳಲು ನಿಂತೆವು; ಟಿಪ್ಪು ಸುಲ್ತಾನನು ಹುಟ್ಟಿದ ಊರೆಂದು ಮಕ್ಕಳು ಕೋಟೆಯ ಗೋಡೆಯನ್ನು ಹತ್ತಿ ನೋಡಿದರು.

ನಂದಿಯ ತಪ್ಪಲಿನಲ್ಲಿ ಹೇಳಬೇಕಾದುದು ಬಹಳವಿದೆ. ನಮ್ಮ ಹೊಸೂರಿನ ಬಳಿ ಹರಿದು ಕೆಲವರಪಳ್ಳಿ ಅಣೆಕಟ್ಟನ್ನು ತುಂಬುವ ದಕ್ಷಿಣ ಪಿನಾಕಿನಿ ಹುಟ್ಟುವುದು ಈ ಬೆಟ್ಟಸಾಲಿನಲ್ಲಿಯೇ. ಅಲ್ಲಿ ತಿಳಿಯಾಗಿ ಹುಟ್ಟಿದ ನೀರು ಬೆಂಗಳೂರಿನ ಕೊಳಚೆಯನ್ನು ಹೊತ್ತು ನಮ್ಮಲ್ಲಿಗೆ ನೊರೆಯಾಗಿ ಬರುವುದನ್ನು ಕಂಡವರು ನಾವು. ನದಿಯ ತವರನ್ನು ಒಮ್ಮೆ ನೋಡಿದ ಹುಡುಗನಿಗೆ ಆ ನೊರೆಯ ಅರ್ಥ ಬೇರೆಯಾಗಿಯೇ ಹೊಳೆಯುತ್ತದೆ.

ಇಲ್ಲಿ ಹೆಚ್ಚಾಗಿ ಬೆಳೆಯುವುದು 'ಬೆಂಗಳೂರು ನೀಲಿ' ಎಂಬ ದ್ರಾಕ್ಷಿ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ತಿರುಳು ಜಾರಿ ಹೊರಗೆ ಬರುವ ಈ ಹಣ್ಣನ್ನು ನಾವೆಲ್ಲ ಸಂತೆಯಲ್ಲಿ ಕೊಂಡು ತಿಂದವರೇ. ಶೀತದೇಶಗಳಲ್ಲಿ ಚಳಿಗಾಲ ಬಂದಾಗ ದ್ರಾಕ್ಷಿಯ ಬಳ್ಳಿ ಎಲೆ ಉದುರಿಸಿ ನಿದ್ರಿಸುತ್ತದೆ. ನಮ್ಮಲ್ಲಿ ಅಂಥ ಚಳಿಯಿಲ್ಲದ್ದರಿಂದ ಬಳ್ಳಿಗೆ ವಿಶ್ರಾಂತಿ ಎಂಬುದೇ ಇಲ್ಲ. ಆದಕಾರಣ ಬೇಸಗೆಯಲ್ಲಿ ಒಮ್ಮೆ ರೆಂಬೆಗಳಿಗಾಗಿ, ಮಳೆಗಾಲದ ಕೊನೆಗೆ ಇನ್ನೊಮ್ಮೆ ಫಲಕ್ಕಾಗಿ, ಹೀಗೆ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಸವರುವ ಪದ್ಧತಿ ಬೆಳೆದುಬಂದಿದೆ. ತೋಟದೊಡತಿಯೊಬ್ಬರು ಇದನ್ನು ವಿವರಿಸುತ್ತ, "ನೋಡಮ್ಮಾ, ಕೂಸಿಗೆ ಕೂದಲು ಕತ್ತರಿಸ್ದಂಗೆ. ಕಾಲ ತಪ್ಪಿದ್ರೆ ಆ ವರ್ಷ ಗೊಂಚಲಿಲ್ಲ" ಎಂದರು. ಅವರ ಕನ್ನಡದಲ್ಲಿ ತೆಲುಗಿನ ಧಾಟಿ ನಮ್ಮಲ್ಲಿರುವಂತೆಯೇ ಇತ್ತು. ನಮ್ಮ ಹೆಂಗಸರು ಐದೇ ನಿಮಿಷದಲ್ಲಿ ನೆಂಟರಾಗಿಬಿಟ್ಟರು.

ವೈನ್ ಮಾಡುವ ದ್ರಾಕ್ಷಿಯ ಕಥೆ ಬೇರೆ. 1980ರ ದಶಕದ ಕೊನೆಯಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿಗಳು ಫ್ರಾನ್ಸಿನ ತಳಿಗಳನ್ನು ತರಿಸಿ ದೊಡ್ಡಬಳ್ಳಾಪುರದ ಸೀಮೆಯಲ್ಲಿ ನೆಡಿಸಿದರು. ಹಗಲು ಬಿಸಿಲು, ರಾತ್ರಿ ತಂಪು. ಆ ತಂಪಿನಿಂದ ಹಣ್ಣಿನ ಹುಳಿ ಉಳಿಯುತ್ತದೆಂಬುದು ಈ ನೆಲದ ಗುಣ. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಹೊರಡಿಸಿದ ಮೇಲೆ ಈ ಉದ್ಯಮಕ್ಕೆ ಬಲ ಬಂದಿತು. ಇಂಥ ಕಾರ್ಖಾನೆಗಳಲ್ಲಿ ಹಣ ತೆತ್ತು ಒಳಗೆ ಹೋಗಿ ನೋಡಬಹುದು. ಕಪ್ಪು ದ್ರಾಕ್ಷಿಯ ರಸವೂ ಬಹುಮಟ್ಟಿಗೆ ಬಣ್ಣವಿಲ್ಲದ್ದೆಂದೂ, ಸಿಪ್ಪೆಯೊಡನೆ ಹುದುಗಿಸಿದಾಗ ಮಾತ್ರ ಕೆಂಪೇರುವುದೆಂದೂ ಅಲ್ಲಿ ಕಂಡಾಗ ನಮ್ಮ ವಿಜ್ಞಾನದ ಅಧ್ಯಾಪಕರು ಮಕ್ಕಳಿಗಿಂತ ಹೆಚ್ಚು ಸಂತೋಷಪಟ್ಟರು.

ಸಭೆಯಲ್ಲಿ ಕೆಲವರ ಹುಬ್ಬು ಗಂಟಿಕ್ಕುತ್ತಿರುವುದನ್ನು ನಾವು ಬಲ್ಲೆವು. ಮದ್ಯದ ಮಾತು ಈ ವೇದಿಕೆಗೆ ತಕ್ಕದ್ದೇ? ನಮ್ಮ ಸೀಮೆಗೆ ಈ ವಿಷಯದಲ್ಲಿ ಒಂದು ಚರಿತ್ರೆಯೇ ಇದೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದರಾಸಿನ ಪ್ರಧಾನಿಗಳಾದಾಗ, ಪಾನನಿಷೇಧವನ್ನು ಮೊತ್ತಮೊದಲು ಜಾರಿಗೆ ತಂದದ್ದು 1937ರ ಅಕ್ಟೋಬರ್ 1ರಂದು, ಸೇಲಂ ಜಿಲ್ಲೆಯಲ್ಲಿ. ನಮ್ಮ ಕೆಲಮಂಗಲ ಆಗ ಆ ಜಿಲ್ಲೆಯ ಹೊಸೂರು ತಾಲೂಕಿಗೆ ಸೇರಿತ್ತು. ಕುಡಿತದಿಂದ ಹಾಳಾದ ಮನೆಗಳನ್ನು ಬಲ್ಲ ತಾಯಂದಿರು ಇಲ್ಲಿಯೂ ಕುಳಿತಿದ್ದಾರೆ. ಆದರೂ ರೈತನ ಬೆಳೆಯನ್ನೂ ಅದರ ವಿದ್ಯೆಯನ್ನೂ ನೋಡುವುದು ಬೇರೆ, ಕುಡಿಯುವುದು ಬೇರೆ. ನಮ್ಮ ಗುಂಪಿನಲ್ಲಿ ಹೆಚ್ಚಿನವರು ದ್ರಾಕ್ಷಿಯ ಪಾನಕದಲ್ಲಿಯೇ ತೃಪ್ತರಾದೆವು. ವಾಹನ ನಡೆಸುವವನ ಮಟ್ಟಿಗಂತೂ ಮಾತೇ ಇಲ್ಲ: 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಕಂಡರೆ ಅಪರಾಧ, 2019ರ ತಿದ್ದುಪಡಿಯ ಮೇರೆಗೆ ಮೊದಲ ಸಲಕ್ಕೇ 10,000 ರೂಪಾಯಿಗಳ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಮುಂದೆ ಇಳಿಯಬೇಕಾದುದು ಶಿರಾಡಿಯ ಘಾಟಿ ಎಂಬುದನ್ನು ನೆನೆದರೆ ಕಾನೂನಿನ ಭಯವೂ ಬೇಕಾಗದು.

ಅಲ್ಲಿಂದ ನೆಲಮಂಗಲದ ಬಳಿ ಹಾಸನದ ಹೆದ್ದಾರಿಯನ್ನು ಸೇರಿದೆವು. ಕೆಲಮಂಗಲದಿಂದ ನೆಲಮಂಗಲಕ್ಕೆ ಬಂದೆವೆಂದು ಚಿಕ್ಕವರು ಪ್ರಾಸ ಕಟ್ಟಿ ಒಂದು ಗಳಿಗೆ ಗದ್ದಲ ಮಾಡಿದರು. ಕುಣಿಗಲು, ಚನ್ನರಾಯಪಟ್ಟಣಗಳು ಬೇಗನೆ ಸರಿದುವು. ಹಾಸನದಲ್ಲಿ ರಾತ್ರಿ ತಂಗಿ, ಮರುದಿನ ಹೊತ್ತೇರುವ ಮುನ್ನ ಸಕಲೇಶಪುರವನ್ನು ದಾಟಿದೆವು. ಊರಾಚೆ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿದೆ. ಅಲ್ಲಿಂದಾಚೆಗೆ ರಸ್ತೆ ಇಳಿಯುತ್ತದೆ, ಕೆಂಪುಹೊಳೆ ಜೊತೆಗೂಡುತ್ತದೆ, ಗಾಳಿ ಬೆಚ್ಚಗಾಗುತ್ತದೆ. ಕಾಫಿ ಮುಗಿದು ಅಡಿಕೆ ಮೊದಲಾಗುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಈ ಘಾಟಿಯನ್ನು ಮುಚ್ಚುವುದು ಪದೇ ಪದೇ ನಡೆಯುವ ಸಂಗತಿಯಾದ್ದರಿಂದ ಆಷಾಢ ಶ್ರಾವಣಗಳಲ್ಲಿ ಹೋಗಬಯಸುವವರು ವಿಚಾರಿಸಿಯೇ ಹೊರಡಬೇಕು.

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಗಳು ಕೂಡುವುದನ್ನು ಕಂಡು ಮಂಗಳೂರನ್ನು ತಲುಪಿದೆವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಈ ಊರಿನಿಂದ, 1894ರಲ್ಲಿ ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದು ಈ ಊರಿನಲ್ಲಿ. ಇಷ್ಟು ಹೇಳಿ ಮುಂದೆ ಹೋಗುತ್ತೇವೆ. ಪೇಟೆಯ ವರ್ಣನೆಯನ್ನು ಯಾರೂ ಮಾಡಬಲ್ಲರು.

ಮರುದಿನ ಉತ್ತರಕ್ಕೆ ಸುಮಾರು 110 ಕಿಲೋಮೀಟರು ಹೋಗಿ ಮರವಂತೆಯನ್ನು ನೋಡಿದೆವು. ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಒಂದು ಕಿಟಕಿಯಲ್ಲಿ ತೆರೆಗಳ ಆರ್ಭಟ, ಎದುರು ಕಿಟಕಿಯಲ್ಲಿ ತೆಂಗಿನ ನೆರಳು ಹೊತ್ತು ನಿಂತ ಮೌನದ ನೀರು. ವ್ಯಾನಿನಲ್ಲಿ ಯಾರೂ ಮಾತನಾಡಲಿಲ್ಲ. ಕಡಲನ್ನು ಅಂದೇ ಮೊದಲು ಕಂಡ ಅಜ್ಜಿಯೊಬ್ಬರು ಚಪ್ಪಲಿ ಕಳಚಿ ಕೈಮುಗಿದರು. ತೆರೆಯ ಸೆಳೆತ ಬಲವಾದುದರಿಂದ ಮಕ್ಕಳನ್ನು ನೀರಿಗೆ ಬಿಡಲಿಲ್ಲ. ದಡದಲ್ಲಿ ಮೀನು ಒಣಗಿಸುತ್ತಿದ್ದ ಮುದುಕಿ "ಎಲ್ಲಿಗ್ ಹೋಪ್ದ್?" ಎಂದು ಕೇಳಿದಾಗ ನಮ್ಮ ಹುಡುಗರಿಗೆ ಅದು ಕನ್ನಡವೆಂದು ತಿಳಿಯುವುದಕ್ಕೇ ಹೊತ್ತು ಹಿಡಿಯಿತು. ನಮ್ಮ ಕನ್ನಡದಲ್ಲಿ ತಮಿಳು ತೆಲುಗು ಬೆರೆತಿದೆಯೆಂದು ಬೆಂಗಳೂರಿನ ನೆಂಟರು ನಗುವುದುಂಟು, ಮಕ್ಕಳು ನಾಚುವುದೂ ಉಂಟು. ಕುಂದಾಪುರದ ಕನ್ನಡವನ್ನು ಕೇಳಿದ ಮೇಲೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, "ಹಾಗಾದರೆ ಸರಿಯಾದ ಕನ್ನಡ ಯಾವ ಊರಿನದು, ಮಾಮ?" ಎಂದು ಕೇಳಿದಳು. ವ್ಯಾನಿನಲ್ಲಿದ್ದ ಹಿರಿಯರು ಉಡುಪಿ ಬರುವವರೆಗೆ ಅದನ್ನೇ ಚರ್ಚಿಸಿದರು.

ಮಂಗಳೂರಿನಿಂದ ಗೋವಾದ ಕಡೆಗೆ ಹೋಗುವವರೇ ಬಹಳ. ನಾವು ತೆಂಕಣಕ್ಕೆ ತಿರುಗಿದೆವು. ತಲಪಾಡಿಯಲ್ಲಿ ರಾಜ್ಯದ ಗಡಿ; ಅದನ್ನು ದಾಟಿದರೆ ಕೇರಳ, ಆದರೆ ಮೊದಲು ಸಿಗುವ ಊರು ಮಂಜೇಶ್ವರ. 1949ರಲ್ಲಿ ಮದರಾಸು ಸರ್ಕಾರವು ರಾಷ್ಟ್ರಕವಿ ಎಂಬ ಬಿರುದಿತ್ತು ಗೌರವಿಸಿದ ಗೋವಿಂದ ಪೈಗಳ ಊರು ಅದು. ಅವರ ಮನೆ ಈಗ 'ಗಿಳಿವಿಂಡು' ಎಂಬ ಸ್ಮಾರಕವಾಗಿದೆ. ಮದರಾಸು ಸರ್ಕಾರವೆಂಬ ಮಾತನ್ನು ಗಮನಿಸಬೇಕು. ಅಂದು ಅವರೂ ನಾವೂ ಒಂದೇ ಪ್ರಾಂತದವರು: ಅವರು ದಕ್ಷಿಣ ಕನ್ನಡ ಜಿಲ್ಲೆ, ನಾವು ಸೇಲಂ ಜಿಲ್ಲೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಬಹುಭಾಗ ಮೈಸೂರಿಗೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದರಾಸಿನಲ್ಲಿಯೇ ಉಳಿಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ವರದಿಯಿತ್ತರೂ ಅದು ಕಾಗದದಲ್ಲಿಯೇ ನಿಂತಿತು.

ಕಾಸರಗೋಡಿನಲ್ಲಿ ಊಟಕ್ಕೆ ಕುಳಿತಾಗ ಪಕ್ಕದ ಮೇಜಿನ ಹಿರಿಯರೊಬ್ಬರು ನಮ್ಮ ಮಾತು ಕೇಳಿ, "ನೀವು ಎಲ್ಲಿಂದ ಬಂದದ್ದು ಮಾರಾಯ್ರೆ?" ಎಂದು ವಿಚಾರಿಸಿದರು. ತಮಿಳುನಾಡಿನಿಂದ ಎಂದಾಗ ನಂಬಲಿಲ್ಲ. ಅವರ ಮೊಮ್ಮಗನೂ ನಮ್ಮ ಮಕ್ಕಳೂ ಮಾತಿಗೆ ತೊಡಗಿದರು. ಇವರಿಗೆ 2006ರ ಕಾನೂನಿನಿಂದ ಶಾಲೆಯಲ್ಲಿ ತಮಿಳು, ಅವನಿಗೆ 2017ರ ಕಾನೂನಿನಿಂದ ಮಲಯಾಳ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಪರೀಕ್ಷೆಗೆ ಎರಡು; ಎರಡು ದಿನದ ದಾರಿಯಾಚೆ ತಮ್ಮಂತೆಯೇ ಪುಸ್ತಕದ ಹೊರೆ ಹೊತ್ತ ಹುಡುಗನಿದ್ದಾನೆಂಬುದು ಅವರಿಗೆ ಹೊಸ ಸಂಗತಿಯಾಗಿತ್ತು. "ನಿಮ್ಮ ಶಾಲೆಯಲ್ಲಿ ಕನ್ನಡಕ್ಕೆ ಎಷ್ಟು ಮಂದಿ?" ಎಂದು ಅವನು ಕೇಳಿದ. ನಮ್ಮ ಹುಡುಗಿ ಬೆರಳು ಮಡಿಸಿ ಎಣಿಸಿದಳು. ಎಣಿಸಲು ಸಾಧ್ಯವಾದದ್ದೇ ನಮಗೆ ನೋವಿನ ಸಂಗತಿ. ತಂದೆತಾಯಿಗಳು ಕನ್ನಡ ಶಾಲೆಯನ್ನು ಬಿಡಿಸುವಾಗ, ಹೊಸೂರಿನಾಚೆ ಇದರಿಂದ ಏನು ಪ್ರಯೋಜನವೆಂದು ಕೇಳುತ್ತಾರೆ. ಆ ವ್ಯಾನಿನಲ್ಲಿ ಹಾಗೆ ಕೇಳಿದ್ದ ತಂದೆಯೊಬ್ಬರು ಇದ್ದರು. ಅವರು ಏನೂ ಹೇಳಲಿಲ್ಲ; ಹುಡುಗರಿಬ್ಬರೂ ವಿಳಾಸ ಬರೆದುಕೊಳ್ಳಲು ತಮ್ಮ ಲೇಖನಿಯನ್ನು ಕೊಟ್ಟರು.

ಸಂಜೆ ಬೇಕಲದ ಕೋಟೆಯ ಮೇಲೆ ನಿಂತು ಸೂರ್ಯಾಸ್ತವನ್ನು ನೋಡಿದೆವು. ಕೆಳದಿಯ ಶಿವಪ್ಪನಾಯಕನು 1650ರ ಸುಮಾರಿಗೆ ಕಟ್ಟಿಸಿದ ಕೋಟೆಯದು. ಕಡಲು ಮೂರು ಕಡೆಯಿಂದ ಅದರ ಕಲ್ಲನ್ನು ತೊಳೆಯುತ್ತದೆ.

ಹಿಂದಿರುಗಿದ್ದು ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು, ಕನಕಪುರ, ಆನೇಕಲ್, ತಳಿಗಳ ಮಾರ್ಗವಾಗಿ. ಒಟ್ಟು ಐದು ದಿನ, ಸಾವಿರದ ನೂರು ಕಿಲೋಮೀಟರಿಗೆ ಮೇಲ್ಪಟ್ಟು. ಹೋಗಬಯಸುವವರಿಗೆ ಎರಡು ಮಾತು. ಬಾಡಿಗೆಯ ವಾಹನಕ್ಕೆ ಮೂರು ರಾಜ್ಯಗಳಲ್ಲಿಯೂ ಸಲ್ಲುವ ಪ್ರವಾಸಿ ಪರವಾನಗಿ ಇದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿರಿ. ಕೊನೆಯ ದಿನ ತಳಿಯನ್ನು ಹಗಲಿರುವಾಗಲೇ ದಾಟಿರಿ. ದೇಂಕಣಿಕೋಟೆಯ ಕಾಡಿನಂಚಿನಲ್ಲಿ ಕತ್ತಲಾದ ಮೇಲೆ ಆನೆಗಳು ರಸ್ತೆಗೆ ಬರುತ್ತವೆ. ಮುಂದಿನ ಸಂಕ್ರಾಂತಿಗೆ ಎರಡು ವ್ಯಾನುಗಳನ್ನು ಹೊರಡಿಸಬೇಕೆಂದು ಯೋಚಿಸಿದ್ದೇವೆ. ಕನ್ನಡ ಶಾಲೆಯ ಮಕ್ಕಳಿಗೆ ಅರ್ಧ ವೆಚ್ಚ. ಹೆಸರು ಕೊಡುವವರು ದೀಪಾವಳಿಯೊಳಗೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕು.