ಕರುಳಿನ ಪಾಲಿಪ್‌ಗಳೂ ಕ್ಯಾನ್ಸರ್ ರೋಗವೂ



ಕರುಳಿನ ವಿಷಯವನ್ನು ನಾಲ್ಕು ಜನರ ಮುಂದೆ ಆಡಲು ನಾವು ಸಂಕೋಚಪಡುತ್ತೇವೆ. ಮಲದಲ್ಲಿ ರಕ್ತ ಕಂಡರೂ ಮೂಲವ್ಯಾಧಿಯಿರಬೇಕೆಂದು ಮನೆಮದ್ದು ಮಾಡಿ ಸುಮ್ಮನಾಗುತ್ತೇವೆ. ಈ ಸಂಕೋಚವೇ ಎಷ್ಟೋ ಜನರ ಪ್ರಾಣಕ್ಕೆ ಎರವಾಗಿರುವುದರಿಂದ ಆ ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ನಮ್ಮ ದೊಡ್ಡ ಕರುಳು ಸುಮಾರು 1.5 ಮೀಟರ್ ಉದ್ದದ ನಾಳ. ಅದರ ಒಳಮೈಯ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೊಸವು ಹುಟ್ಟುತ್ತಿರುತ್ತವೆ. ಈ ಹುಟ್ಟು ಹತೋಟಿ ತಪ್ಪಿದೆಡೆ ಸಣ್ಣದೊಂದು ಮಾಂಸದ ಕುಡಿ ಬೆಳೆಯುತ್ತದೆ. ಇದೇ ಪಾಲಿಪ್. ಕೆಲವು ಅಣಬೆಯಂತೆ ತೊಟ್ಟಿನ ಮೇಲೆ ನಿಲ್ಲುತ್ತವೆ. ಕೆಲವು ಚಪ್ಪಟೆಯಾಗಿ ಕರುಳಿನ ಗೋಡೆಗೆ ಅಂಟಿರುತ್ತವೆ.

ಎಲ್ಲ ಪಾಲಿಪ್‌ಗಳೂ ಒಂದೇ ಜಾತಿಯವಲ್ಲ. ಗುದನಾಳದ ಬಳಿ ಕಾಣುವ ಸಣ್ಣ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಮಕ್ಕಳಲ್ಲಿ ರಕ್ತಸ್ರಾವಕ್ಕೆ ಕಾರಣವಾಗುವ ಜುವೆನೈಲ್ ಪಾಲಿಪ್ ಒಂಟಿಯಾಗಿದ್ದರೆ ಕ್ಯಾನ್ಸರಿನ ಭಯ ಬೇಡ. ಎಚ್ಚರಿಕೆ ಬೇಕಾದುದು ಎರಡು ಜಾತಿಗಳ ವಿಷಯದಲ್ಲಿ. ಒಂದು, ಅಡೆನೋಮಾ; ಇನ್ನೊಂದು, ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವ ಚಪ್ಪಟೆ ಸೆರೇಟೆಡ್ ಪಾಲಿಪ್. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲು ಇವುಗಳಿಂದಲೇ ಹುಟ್ಟುತ್ತವೆ. ಆದರೆ ಇವು ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬರುವುದು ಕೆಲವರಿಗೆ ಮಾತ್ರ. ಪಾಲಿಪ್ 10 ಮಿಲಿಮೀಟರ್ ಮೀರಿದಷ್ಟೂ, ಸಂಖ್ಯೆ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಇಲ್ಲಿ ಒಂದು ಸಮಾಧಾನದ ಸಂಗತಿಯುಂಟು. ಸಣ್ಣ ಅಡೆನೋಮಾ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷಗಳಾದರೂ ಬೇಕು. ಅಷ್ಟರೊಳಗೆ ಅದನ್ನು ಕಿತ್ತುಹಾಕಿದರೆ ರೋಗವು ಹುಟ್ಟುವ ಮೊದಲೇ ಅಳಿಯುತ್ತದೆ. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಅವರು ಹೊಟ್ಟೆಯನ್ನು ಕೊಯ್ಯದೆಯೇ, ಕೊಲೊನೋಸ್ಕೋಪ್ ಎಂಬ ಬಾಗುವ ಕೊಳವೆಯ ಮೂಲಕ ತಂತಿಯ ಕುಣಿಕೆ ಹಾಕಿ ಪಾಲಿಪ್ ತೆಗೆಯುವ ಕ್ರಮವನ್ನು ಆರಂಭಿಸಿದರು. ಹೀಗೆ ಅಡೆನೋಮಾ ತೆಗೆಸಿಕೊಂಡವರಲ್ಲಿ ಈ ಕ್ಯಾನ್ಸರ್ ನಿರೀಕ್ಷೆಗಿಂತ ಶೇಕಡ 76ರಿಂದ 90ರಷ್ಟು ಕಡಿಮೆಯಾಯಿತೆಂದು 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು.

ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಎ.ಪಿ.ಸಿ. ಎಂಬ ವಂಶವಾಹಿಯ ದೋಷವಿದ್ದವರಲ್ಲಿ ಹದಿಹರೆಯದಲ್ಲೇ ನೂರಾರು ಪಾಲಿಪ್‌ಗಳೇಳುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಕ್ಯಾನ್ಸರ್ ಬಹುತೇಕ ಖಂಡಿತ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಆದ್ದರಿಂದ ಇಂತಹ ರೋಗವನ್ನು ಮಕ್ಕಳಿಂದ, ಒಡಹುಟ್ಟಿದವರಿಂದ ಮರೆಮಾಚುವುದು ಮರ್ಯಾದೆ ಕಾಯುವ ಕೆಲಸವಲ್ಲ. ಅವರಿಗೆ ಮಾಡುವ ಅನ್ಯಾಯ.

ಪಾಲಿಪ್ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ನೋವು ಬರಲೆಂದು ಕಾದು ಕೂರುವುದು ತರವಲ್ಲ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ಮಲವಿಸರ್ಜನೆಯ ರೂಢಿಯಲ್ಲಿ ವಾರಗಟ್ಟಲೆ ಬದಲಾವಣೆ ಕಂಡರೆ ವೈದ್ಯರ ಬಳಿಗೆ ಹೋಗಿರಿ. ತಂದೆತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಈ ಕ್ಯಾನ್ಸರ್ ಬಂದಿದ್ದರೆ, ನಿಮಗೇನೂ ತೊಂದರೆಯಿಲ್ಲದಿದ್ದರೂ 40ನೆಯ ವಯಸ್ಸಿಗೆ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಪರೀಕ್ಷೆ ಮಾಡಿಸಿಕೊಳ್ಳಿರಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಹಿರಿಯರು ಯಾವ ರೋಗದಿಂದ ತೀರಿಕೊಂಡರೆಂದು ಒಮ್ಮೆ ವಿಚಾರಿಸಿ, ಅದನ್ನು ಮಕ್ಕಳಿಗೂ ತಿಳಿಸಿರಿ. ಆ ಒಂದು ಮಾತು ಮುಂದಿನ ತಲೆಮಾರಿನ ಒಂದು ಜೀವವನ್ನು ಉಳಿಸಬಹುದು.